ತಪ್ಪೊಪ್ಪಿಕೊಂಡರೂ ಸುಳ್ಳು ಬಿಡುತ್ತಿಲ್ಲ

ಪ್ರಶ್ನೆ: ಪ್ರತಿ ವಾರ ದೇವರ ಮುಂದೆ ತಪ್ಪೊಪ್ಪಿಕೊಳ್ಳುತ್ತೇನೆ. ಆದರೂ ಕಚೇರಿಯಲ್ಲಿ ಅವೇ ಸಣ್ಣ ಸುಳ್ಳುಗಳು, ಖರ್ಚಿನ ಲೆಕ್ಕದಲ್ಲಿ ಅದೇ ಕೈಚಳಕ. ಏನು ಮಾಡಲಿ?

ಉತ್ತರ: 'ನಾನು ಪಾಪಿ' ಎಂದು ಒಟ್ಟಾರೆ ಒಪ್ಪಿಕೊಂಡರೆ ಏನೂ ಬದಲಾಗದು. ಯಾವ ಸುಳ್ಳು, ಯಾರಿಗೆ, ಯಾವ ಭಯಕ್ಕೆ ಎಂಬುದು ಹೊರಬರಬೇಕು. 16ನೇ ಶತಮಾನದ ಸಂತ ಇಗ್ನೇಷಿಯಸ್ ಲೊಯೋಲಾ ಕಲಿಸಿದ ಆತ್ಮಪರಿಶೋಧನೆಯ ಕ್ರಮ ಇದಕ್ಕೆ ಹೇಳಿ ಮಾಡಿಸಿದಂತಿದೆ. ರಾತ್ರಿ ಹತ್ತು-ಹದಿನೈದು ನಿಮಿಷ ಸಾಕು: ಮೊದಲು ಕೃತಜ್ಞತೆ, ಆಮೇಲೆ ತಪ್ಪು ಕಾಣುವ ಬೆಳಕಿಗಾಗಿ ಬೇಡಿಕೆ, ಬಳಿಕ ದಿನವನ್ನು ಗಂಟೆ ಗಂಟೆಯಾಗಿ ನೋಡುವುದು, ಕ್ಷಮೆ ಕೇಳುವುದು, ಕೊನೆಗೆ ನಾಳೆಗೊಂದು ನಿರ್ಧಾರ. ಒಂದೇ! ಹತ್ತು ತಪ್ಪುಗಳನ್ನು ಒಟ್ಟಿಗೆ ತಿದ್ದಲು ಹೊರಟವರು ಬೇಗ ಕೈಚೆಲ್ಲುತ್ತಾರೆ. ಕೃತಜ್ಞತೆಯನ್ನು ಬಿಟ್ಟು ನೇರ ತಪ್ಪಿಗೇ ಹೋದರೆ ಉಳಿಯುವುದು ಬರೀ ಸ್ವನಿಂದೆ.

ಹಣದ್ದು ಬೇರೆ ಮಾತು. ಅಲ್ಲಿ ಪ್ರಾರ್ಥನೆಯಷ್ಟೇ ಸಾಲದು, ಹಣ ಹಿಂದಿರುಗಬೇಕು. ತಪ್ಪನ್ನು ಅರಿಕೆಮಾಡಿ, ಪೂರ್ತಿ ಮೊತ್ತಕ್ಕೆ ಐದನೇ ಒಂದು ಪಾಲು ಸೇರಿಸಿ ಕೊಡಬೇಕೆನ್ನುತ್ತದೆ ಬೈಬಲಿನ ಅರಣ್ಯಕಾಂಡ 5:7. ಅಂದರೆ 1,000ಕ್ಕೆ 1,200. ಸುಂಕದವರ ಮುಖಂಡ ಜಕ್ಕಾಯನಂತೂ ನಾಲ್ಕರಷ್ಟು ಕೊಡುತ್ತೇನೆಂದ (ಲೂಕ 19:8). ಕಾಣಿಕೆ ಪೆಟ್ಟಿಗೆಗೆ ಹಾಕಿ ಕೈತೊಳೆದುಕೊಳ್ಳಬೇಡಿ. ಕಳೆದುಕೊಂಡವರಿಗೇ ಅದು ಸೇರಬೇಕು. ಈ ತಿಂಗಳ ಬಿಲ್ಲಿನಿಂದಲೇ ಶುರುಮಾಡಿ.