ಹಂಬನ್‌ತೋಟ: ಸಾಲವನ್ನೂ ಗುತ್ತಿಗೆಯನ್ನೂ ಬೇರೆಯಾಗಿ ನೋಡಿ

ಸಾಲ ತೀರಿಸಲಾಗದೆ ಶ್ರೀಲಂಕಾದ ಹಂಬನ್‌ತೋಟ ಬಂದರು ಚೀನಾದ ಪಾಲಾಯಿತೆಂದು ಒಂದು ಲೇಖನವೂ, ಸಾಲ ಹಾಗೆಯೇ ಉಳಿಯಿತೆಂದು ಇನ್ನೊಂದೂ ಹೇಳುವುದಕ್ಕೆ ಬಹುಮಟ್ಟಿಗೆ ಕಾರಣ, ಎರಡು ಪ್ರತ್ಯೇಕ ವ್ಯವಹಾರಗಳನ್ನು ಒಂದಾಗಿಸಿ ಬರೆಯುವುದು. ಈ ಬಗ್ಗೆ ಪ್ರಬಂಧ ಬರೆಯುವಾಗ ನಾನೂ ಇದೇ ತೊಡಕಿಗೆ ಸಿಲುಕಿದ್ದೆ. ನೀವೂ ಬರೆಯುವುದಾದರೆ ಹೀಗೆ ಮಾಡಿ.

ಮೊದಲು ಸಾಲವನ್ನು ಪ್ರತ್ಯೇಕಿಸಿ: ಬಂದರಿನ ನಿರ್ಮಾಣಕ್ಕೆ ಸಾಲ ಕೊಟ್ಟದ್ದು ಚೀನಾದ ಸರ್ಕಾರಿ ಎಕ್ಸಿಮ್ (ರಫ್ತು-ಆಮದು) ಬ್ಯಾಂಕ್. ಬಳಿಕ ಗುತ್ತಿಗೆಗೆ ಬನ್ನಿ. 2017ರ ಜುಲೈನಲ್ಲಿ ಚೈನಾ ಮರ್ಚೆಂಟ್ಸ್ ಪೋರ್ಟ್ ಕಂಪನಿಯೊಡನೆ 99 ವರ್ಷಗಳ ಒಪ್ಪಂದವಾಯಿತು. ಅದರಿಂದ ಬಂದ ಸುಮಾರು 112 ಕೋಟಿ ಡಾಲರ್‌ನಿಂದ ಆ ಸಾಲ ರದ್ದಾಗಲಿಲ್ಲ, ಹಣ ಶ್ರೀಲಂಕಾದ ವಿದೇಶಿ ವಿನಿಮಯ ಸಂಗ್ರಹಕ್ಕೆ ಬಲ ನೀಡಿತು, ಕಂತುಗಳು ಸರ್ಕಾರದ ಹೆಗಲ ಮೇಲೆಯೇ ಉಳಿದವು. ಶ್ರೀಲಂಕಾ ಹೊರದೇಶಗಳ ಹೂಡಿಕೆದಾರರಿಗೆ ಸಾಲಪತ್ರ ಮಾರಿ ಎತ್ತಿದ ಹಣದ, ಅಂದರೆ ಅಂತರರಾಷ್ಟ್ರೀಯ ಬಾಂಡ್‌ಗಳ, ಹೊರೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಅದನ್ನು ಬಿಟ್ಟರೆ ಚಿತ್ರ ವಾಲುತ್ತದೆ.

ಪ್ರಭಾವದ ಪ್ರಶ್ನೆಯನ್ನು ಕೊನೆಗೆ, ಘಟನೆಯೊಂದರ ಮೂಲಕ ಎತ್ತಿಕೊಳ್ಳಿ. 2022ರ ಆಗಸ್ಟ್‌ನಲ್ಲಿ ಹಂಬನ್‌ತೋಟಕ್ಕೆ ಬರಲಿದ್ದ, ಉಪಗ್ರಹ ಹಾಗೂ ಕ್ಷಿಪಣಿಗಳ ಜಾಡು ಹಿಡಿಯಬಲ್ಲ ಚೀನಾದ ಯುವಾನ್ ವಾಂಗ್ 5 ಹಡಗಿನ ಬಗ್ಗೆ ಭಾರತ ಕಳವಳ ತೋರಿದಾಗ ಭೇಟಿಯನ್ನು ಮುಂದೂಡುವಂತೆ ಕೊಲಂಬೊ ಕೋರಿತು, ಆದರೆ ಕೆಲವೇ ದಿನಗಳಲ್ಲಿ ಅನುಮತಿಸಿತು, ಹಡಗು 16ರಂದು ಲಂಗರು ಹಾಕಿತು. ನನ್ನ ದೃಷ್ಟಿಯಲ್ಲಿ, ವಿದೇಶಿ ಸಾಲದ ಪಾವತಿಯನ್ನೇ ನಿಲ್ಲಿಸಿದ್ದ ದೇಶವೊಂದು ಇಬ್ಬರು ಬಲಾಢ್ಯರ ನಡುವೆ ನಲುಗಿದ್ದು ಗುತ್ತಿಗೆ ಪತ್ರಕ್ಕಿಂತ ಇಲ್ಲಿಯೇ ಸ್ಪಷ್ಟವಾಗಿ ಕಾಣುತ್ತದೆ. ಅದೇ ವರ್ಷದ ಜನವರಿಯಲ್ಲಿ ಶ್ರೀಲಂಕಾದ ಪೂರ್ವ ತೀರದ ಟ್ರಿಂಕೋಮಲಿಯ ತೈಲ ಟ್ಯಾಂಕ್‌ಗಳ ಕುರಿತು ಭಾರತದ ಕಂಪನಿಯೊಡನೆ ಆದ ಒಪ್ಪಂದವನ್ನೂ ಪಕ್ಕದಲ್ಲಿಡಿ.

ಹಡಗು ಸಂಶೋಧನೆಗೆ ಬಂದದ್ದೆಂಬ ಚೀನಾದ ಮಾತೂ, ಬೇಹುಗಾರಿಕೆಯ ಶಂಕೆಯೂ ಇಂದಿಗೂ ಇತ್ಯರ್ಥವಾಗಿಲ್ಲವಾದ್ದರಿಂದ, ಎರಡನ್ನೂ ಆಯಾ ಪಕ್ಷದ ವಾದವೆಂದೇ ದಾಖಲಿಸಿ.