ಮೊದಲ ಬಾಲ್ ಜಾಯಿಂಟೆಡ್ ಗೊಂಬೆಗೆ ನಿಜವಾಗಿ ಏನೇನು ಸಾಮಾನು ಬೇಕು?

ನೀವು ಕೇಳಿದ್ದು ಇಷ್ಟು: ವಿಜಯಪುರದಲ್ಲಿದ್ದೀರಿ, ಚೆಂಡಿನಂಥ ಕೀಲುಗಳಿರುವ ಬಾಲ್ ಜಾಯಿಂಟೆಡ್ ಗೊಂಬೆ, 1/4 ಅಳತೆಯದು (ಮನುಷ್ಯರ ಸುಮಾರು ಕಾಲು ಭಾಗ ಎತ್ತರ), ರೆಸಿನ್ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನದು, ಸೆಕೆಂಡ್ ಹ್ಯಾಂಡ್ ಕೊಂಡಿದ್ದೀರಿ, ಕೈಕಾಲು ಜೋತುಬಿದ್ದಿವೆ, ಮುಖದ ಬಣ್ಣ ಮಾಸಿದೆ, ಅಂಗಡಿಯವರ ಉದ್ದುದ್ದ ಪಟ್ಟಿ ನೋಡಿದರೆ ಯಾವುದು ಕೊಳ್ಳಬೇಕು ಯಾವುದು ಬಿಡಬೇಕು ಗೊತ್ತಾಗುತ್ತಿಲ್ಲ. ನಾನು ಬೆಳಗಾವಿಯವಳು, ಇದೇ ಹುಚ್ಚು ನನಗೂ ಇದೆ, ಅದಕ್ಕೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ದೂರದಿಂದ ತರಿಸಬೇಕಾಗಬಹುದಾದ ಮುಖ್ಯ ಸಾಮಾನು ಮೂರೇ. ಒಳ್ಳೆಯ ಎಲಾಸ್ಟಿಕ್, ಮುಖಕ್ಕೆ ಹೊಡೆಯುವ ಮ್ಯಾಟ್ (ಹೊಳಪಿಲ್ಲದ) ಸ್ಪ್ರೇ, ಮತ್ತು ನಿಮ್ಮ ಮೂಗಿಗೆ ಸರಿಯಾದ ಮಾಸ್ಕ್. ದುಡ್ಡು ಹಾಕುವುದಾದರೆ ಇವಕ್ಕೆ ಹಾಕಿ. ಉಳಿದದ್ದು ಹೆಚ್ಚಾಗಿ ನಿಮ್ಮ ಪೇಟೆಯಲ್ಲೇ ಸಿಗುತ್ತದೆ, 'ಗೊಂಬೆ ಕಿಟ್' ಅಂತ ಡಬ್ಬಿಯಲ್ಲಿ ಹಾಕಿ ಮಾರುವುದನ್ನು ಕೊಳ್ಳಬೇಡಿ.

ಮೊದಲು ಕೈಕಾಲಿನ ವಿಷಯ. ಈ ಗೊಂಬೆಗಳ ಒಳಗೆ ಇರುವುದು ಬರೀ ಎಲಾಸ್ಟಿಕ್ ಮತ್ತು ಎಸ್ ಆಕಾರದ ಕೊಕ್ಕೆಗಳು. ಸಾಮಾನ್ಯವಾಗಿ ಒಂದು ಎಲಾಸ್ಟಿಕ್ ಒಂದು ಅಂಗೈಯಿಂದ ಎದೆಯೊಳಗೆ ಹಾದು ಇನ್ನೊಂದು ಅಂಗೈಗೆ ಹೋಗುತ್ತದೆ. ಇನ್ನೊಂದು ತಲೆಯ ಕೊಕ್ಕೆಯಿಂದ ಇಳಿದು ಎರಡೂ ಕಾಲುಗಳನ್ನು ಹಿಡಿದಿರುತ್ತದೆ. ವರ್ಷಗಳು ಕಳೆದಂತೆ ಎಲಾಸ್ಟಿಕ್ ಬಿಗಿ ಕಳೆದುಕೊಳ್ಳುತ್ತದೆ, ಗೊಂಬೆ ನಿಲ್ಲುವುದಿಲ್ಲ. ನಿಮ್ಮದರಲ್ಲಿ ಬಹುಶಃ ಆಗಿರುವುದು ಇಷ್ಟೇ, ಗೊಂಬೆ ಕೆಟ್ಟಿಲ್ಲ. 1/4 ಅಳತೆಗೆ ಸಾಮಾನ್ಯವಾಗಿ ಕಾಲಿಗೆ 3 ಮಿಮೀ, ಕೈಗೆ 2 ಅಥವಾ 2.5 ಮಿಮೀ ದಪ್ಪದ ದುಂಡನೆಯ ಎಲಾಸ್ಟಿಕ್ ಬೇಕು. ಹಳೆಯದರ ದಪ್ಪ ಅಳೆದು ನೋಡಿಯೇ ತರಿಸಿ. ಹೊಲಿಗೆ ಸಾಮಾನಿನ ಅಂಗಡಿಯಲ್ಲಿ ಸಿಗುವ ತೆಳ್ಳಗಿನ ದುಂಡು ಎಲಾಸ್ಟಿಕ್ ಮಾಸ್ಕಿಗೆ, ಟೋಪಿಗೆ ಸರಿ, ರೆಸಿನ್ ಕಾಲಿನ ಭಾರ ಅದು ತಡೆಯುವುದಿಲ್ಲ. ಜಾಸ್ತಿ ದಪ್ಪದ್ದನ್ನೂ ಹಾಕಬೇಡಿ, ಕೂರಿಸಿದರೆ ಕಾಲು ಒದ್ದುಕೊಂಡು ನೆಟ್ಟಗಾಗುತ್ತದೆ.

ಇದನ್ನು ಹಾಕಲು ಬೇಕಾಗುವ ಮುಖ್ಯ ಸಾಧನ ಆರ್ಟರಿ ಫೋರ್ಸೆಪ್ಸ್, ಅಂದರೆ ಡಾಕ್ಟರರು ಬಳಸುವ ಕತ್ತರಿಯಂಥ ಚಿಮಟ. ಸರ್ಜಿಕಲ್ ಅಂಗಡಿಗೆ ಹೋಗಿ ಅದೇ ಹೆಸರಿನಲ್ಲಿ ಕೇಳಿ, ನೇರ ಮೂತಿಯದು, 6 ಇಂಚಿನದು. ಹಿಡಿದರೆ ಅದರ ಹಿಡಿ ಲಾಕ್ ಆಗುತ್ತದೆ, ಎಳೆದ ಎಲಾಸ್ಟಿಕ್ ಕೈ ಜಾರಿ ಒಳಗೆ ಹೋಗುವುದಿಲ್ಲ. ಗೊಂಬೆಯ ಅಂಗಡಿಗಳು 'ಸ್ಟ್ರಿಂಗಿಂಗ್ ಟೂಲ್' ಅಂತ ಮಾರುವುದು ತುದಿಯಲ್ಲಿ ಕೊಕ್ಕೆ ಇರುವ ಒಂದು ತಂತಿ, ಅಷ್ಟೇ. ಗಟ್ಟಿ ತಂತಿಯನ್ನು ನೋಸ್ ಪ್ಲೈಯರ್‌ನಲ್ಲಿ ಬಗ್ಗಿಸಿದರೆ ಅದೇ ಕೆಲಸ ಆಗುತ್ತದೆ. ತಲೆ ಬಿಚ್ಚುವ ಮೊದಲು ಒಂದು ಪೆನ್ಸಿಲ್ ಹತ್ತಿರ ಇಟ್ಟುಕೊಳ್ಳಿ. ಕೊಕ್ಕೆ ಬಿಡಿಸಿದ ತಕ್ಷಣ ಎಲಾಸ್ಟಿಕ್ ಕುಣಿಕೆಯಲ್ಲಿ ಪೆನ್ಸಿಲ್ ತೂರಿಸಿ ಕುತ್ತಿಗೆಯ ಮೇಲೆ ಅಡ್ಡ ಇಟ್ಟರೆ ಒಳಗೆ ಸೇರಿಕೊಳ್ಳುವುದಿಲ್ಲ. ಮೆತ್ತನೆಯ ಟವೆಲ್ ಮೇಲೆ ಕೂತು ಮಾಡಿ, ರೆಸಿನ್ ಬೆರಳು ನೆಲಕ್ಕೆ ಬಿದ್ದರೆ ಮುರಿದೇ ಹೋಗುತ್ತದೆ.

ಹೊಸ ಎಲಾಸ್ಟಿಕ್ ಹಾಕಿದ ಮೇಲೂ ಮಂಡಿ ಜಾರುತ್ತಿದ್ದರೆ ಕೀಲಿನ ಒಳಗೆ ತೆಳ್ಳಗಿನ ಸ್ವೇಡ್ ಚರ್ಮದ ಉಂಗುರ ಅಂಟಿಸಬೇಕು. ಚರ್ಮದ ಸಾಮಾನು ಮಾರುವವರ ಹತ್ತಿರ ಚೂರುಗಳು ಸಿಗುತ್ತವೆ. ಆಮೇಲೆ ತೆಗೆಯಲು ಬರುವಂಥ ಅಂಟು ಬಳಸಿ, ಫೆವಿಕ್ವಿಕ್ ಮಾತ್ರ ಖಂಡಿತ ಬೇಡ.

ತೊಳೆಯಲು ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ, ಮೆತ್ತಗಿನ ಹಲ್ಲುಜ್ಜುವ ಬ್ರಷ್ ಸಾಕು. ಕೊಕ್ಕೆಗಳನ್ನು ಚೆನ್ನಾಗಿ ಒರೆಸಿ, ತುಕ್ಕು ಹಿಡಿದರೆ ರೆಸಿನ್‌ಗೂ ಕಲೆ ಹತ್ತುತ್ತದೆ. ಬಟ್ಟೆಯ ಬಣ್ಣ ಹತ್ತಿದ್ದರೆ ಮೆಲಮೈನ್ ಸ್ಪಂಜು ('ಮ್ಯಾಜಿಕ್ ಇರೇಸರ್' ಅಂತಲೂ ಕರೆಯುತ್ತಾರೆ) ಒದ್ದೆ ಮಾಡಿ ಮೆಲ್ಲಗೆ ಉಜ್ಜಿ. ಅದು ನೋಡಲು ಮೆತ್ತಗಿದ್ದರೂ ಕೆಲಸದಲ್ಲಿ ಬಹಳ ನುಣುಪಾದ ಪಾಲಿಶ್ ಪೇಪರ್, ಹಾಗಾಗಿ ಮೈಗೆ ಬಣ್ಣ ಹಚ್ಚಿದ ಜಾಗದಲ್ಲಿ ಬೇಡ. ಹಳೆಯ ಮುಖದ ಬಣ್ಣ ತೆಗೆಯಲು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಶುರು ಮಾಡಿ, ಹೋಗದಿದ್ದರೆ ವಿನ್ಸರ್ ಅಂಡ್ ನ್ಯೂಟನ್ ಕಂಪನಿಯ ಬ್ರಷ್ ಕ್ಲೀನರ್. ಅಸಿಟೋನ್ ಇರುವ ನೇಲ್ ಪಾಲಿಶ್ ರಿಮೂವರ್ ಹಚ್ಚಬೇಡಿ, ಅದು ರೆಸಿನ್ ಮೇಲ್ಮೈಯನ್ನು ಹಾಳು ಮಾಡಬಹುದು.

ಈಗ ಮಾಸ್ಕ್. ಇಲ್ಲಿ ನನ್ನ ಮಾತು ಕೇಳಿಯೇ ಕೇಳಿ. ಸ್ಪ್ರೇ ಡಬ್ಬಿಯಲ್ಲಿ ಇರುವುದು ದ್ರಾವಕ, ಅದು ಆವಿಯಾಗಿ ಎದೆಗೆ ಹೋಗುತ್ತದೆ. ಕರೋನಾ ಕಾಲದ ಎನ್95 ಧೂಳು ತಡೆಯುತ್ತದೆ, ಆವಿ ತಡೆಯುವುದಿಲ್ಲ. ನಿಮಗೆ ಬೇಕಾದ್ದು ಅರ್ಧಮುಖದ ರಬ್ಬರ್ ಮಾಸ್ಕ್ ಮತ್ತು ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಡ್ಜ್ (ದ್ರಾವಕದ ಆವಿ ಹೀರುವ ಡಬ್ಬಿ), ಉದಾಹರಣೆಗೆ 3ಎಂ ಕಂಪನಿಯ 6200 ಮಾಸ್ಕ್‌ಗೆ 6001 ಕಾರ್ಟ್ರಿಡ್ಜ್. ಸ್ಪ್ರೇಯ ಹನಿ ತಡೆಯಲು ಅದರ ಮೇಲೆ ಕೂರುವ ಧೂಳಿನ ಫಿಲ್ಟರನ್ನೂ ಜೊತೆಗೆ ಕೇಳಿ. ಫ್ಯಾಕ್ಟರಿಗಳಿಗೆ ಸೇಫ್ಟಿ ಸಾಮಾನು ಮಾರುವ ಅಂಗಡಿಯಲ್ಲಿ ಕೇಳಿ ನೋಡಿ, ಬೆಳಗಾವಿಯಲ್ಲಿ ಫೌಂಡ್ರಿಗಳು ಜಾಸ್ತಿ, ಹಾಗಾಗಿ ನನಗೆ ಇಲ್ಲೇ ಸಿಕ್ಕಿತು. ಕೆಲಸ ಮುಗಿದ ಮೇಲೆ ಕಾರ್ಟ್ರಿಡ್ಜನ್ನು ಜಿಪ್ ಚೀಲದಲ್ಲಿ ಮುಚ್ಚಿಡಿ, ತೆರೆದಿಟ್ಟರೆ ಸುಮ್ನೆ ಗಾಳಿಯಲ್ಲಿರುವುದನ್ನು ಹೀರಿ ಸವೆಯುತ್ತದೆ. ಅಚ್ಚಿನ ಗೆರೆ, ಉಬ್ಬು ತೆಗೆಯಲು ರೆಸಿನ್ ಉಜ್ಜುವಾಗಲೂ ಹುಷಾರು. ಆ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು, ಅದಕ್ಕೆ ಗಾಡಿ ಪೇಂಟಿನವರು ಬಳಸುವ ವಾಟರ್ ಪೇಪರ್ ತಂದು, 400 ನಂಬರಿನ ಒರಟಿನಿಂದ ಶುರು ಮಾಡಿ 1000ದ ನುಣುಪಿಗೆ ಹೋಗುತ್ತಾ, ನೀರಿನಲ್ಲೇ ಉಜ್ಜಿ. ಇಲ್ಲಿ ಎನ್95 ಹಾಕಿಕೊಳ್ಳಿ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಎರಡೂ ಕೆಲಸ ಮಾಳಿಗೆಯ ಮೇಲೆ.

ಸ್ಪ್ರೇ ಅಂದರೆ ಹೆಚ್ಚಿನವರು ಬಳಸುವುದು ಜಪಾನಿನ ಜಿಎಸ್ಐ ಕ್ರಿಯೋಸ್ ಕಂಪನಿಯ ಮಿಸ್ಟರ್ ಸೂಪರ್ ಕ್ಲಿಯರ್, ಅದರಲ್ಲಿ 'ಯುವಿ ಕಟ್' ಮತ್ತು 'ಫ್ಲಾಟ್' ಅಂತ ಬರೆದಿರುವುದು. ಒತ್ತಡದ ಡಬ್ಬಿಯನ್ನು ಏರ್‌ಮೇಲ್‌ನಲ್ಲಿ ಕಳಿಸಲು ಬಿಡುವುದಿಲ್ಲ, ಆದ್ದರಿಂದ ಹೊರದೇಶದಿಂದ ತರಿಸುವ ಯೋಚನೆ ಬಿಡಿ. ವಿಮಾನ, ಟ್ಯಾಂಕ್ ಮಾಡೆಲ್ ಕಟ್ಟುವವರಿಗೆ ಸಾಮಾನು ಮಾರುವ ನಮ್ಮ ದೇಶದ ಅಂಗಡಿಗಳಲ್ಲಿ ಹುಡುಕಿ, ರಸ್ತೆಯ ಕೊರಿಯರ್‌ನಲ್ಲಿ ತರಿಸಿ. ಈ ಪದರ ಯಾಕೆ ಬೇಕು ಅಂದರೆ, ರೆಸಿನ್ ನುಣುಪು, ಬಣ್ಣ ಹಿಡಿಯುವುದಿಲ್ಲ. ಸ್ಪ್ರೇ ಹೊಡೆದ ಮೇಲೆ ಸಣ್ಣ ತರಿ ಬರುತ್ತದೆ, ಪೇಸ್ಟಲ್ ಪುಡಿ ಅಂಟುತ್ತದೆ. ಪ್ರತಿ ಹಂತ ಚೆನ್ನಾಗಿ ಬಂದಾಗ ಮತ್ತೊಂದು ತೆಳು ಪದರ ಹೊಡೆದರೆ ಅದು ಭದ್ರ. ಮುಂದಿನ ಹಂತ ಕೆಟ್ಟರೆ ಒದ್ದೆ ಬಟ್ಟೆಯಲ್ಲಿ ಒರೆಸಿ ಅಷ್ಟನ್ನೇ ಮತ್ತೆ ಮಾಡಬಹುದು.

ನಮ್ಮ ಕಡೆಯ ಹವೆ ಇಲ್ಲಿ ಬಹಳ ಮುಖ್ಯ. ತೇವ ಜಾಸ್ತಿ ಇದ್ದಾಗ ಸ್ಪ್ರೇ ಹೊಡೆದರೆ ಮುಖದ ಮೇಲೆ ಬಿಳಿ ಮಂಜು ಕೂರುತ್ತದೆ. ಬೆಳಗಾವಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಡಬ್ಬಿ ಮುಟ್ಟುವುದೇ ಇಲ್ಲ, ಆ ತಿಂಗಳುಗಳು ಹೊಲಿಗೆಗೆ. ನಿಮ್ಮ ವಿಜಯಪುರಕ್ಕೆ ಆ ತೊಂದರೆ ಕಡಿಮೆ, ಆದರೆ ಬೇರೆ ಎರಡು ಇವೆ. ಏಪ್ರಿಲ್, ಮೇ ಬಿಸಿಲಿನಲ್ಲಿ ಸ್ಪ್ರೇಯ ಹನಿ ಗಾಳಿಯಲ್ಲೇ ಒಣಗಿ ಮುಖದ ಮೇಲೆ ಹಿಟ್ಟು ಹಿಟ್ಟಾಗಿ ಬೀಳುತ್ತದೆ, ಮತ್ತೆ ಗಾಳಿಗೆ ಧೂಳು ಬಂದು ಹತ್ತುತ್ತದೆ. ಬೇಸಿಗೆಯಲ್ಲಿ ಬೆಳಿಗ್ಗೆ, ನೆರಳಿನಲ್ಲಿ, ಗಾಳಿ ಬಿದ್ದಾಗ ಹೊಡೆಯಿರಿ, ಒಂದು ಗೇಣಿಗಿಂತ ಸ್ವಲ್ಪ ದೂರದಿಂದ, ತೆಳ್ಳಗೆ. ಒಣಗುವವರೆಗೆ ದೊಡ್ಡ ರಟ್ಟಿನ ಪೆಟ್ಟಿಗೆ ಬೋರಲು ಹಾಕಿ. ಗಾಳಿಯ ತೇವ ತೋರಿಸುವ ಸಣ್ಣ ಡಿಜಿಟಲ್ ಮೀಟರ್ ಒಂದು ತೆಗೆದುಕೊಳ್ಳಿ, ಶೇಕಡಾ 60ರ ಕೆಳಗಿದ್ದರೆ ಧೈರ್ಯವಾಗಿ ಹೊಡೆಯಬಹುದು.

ಬಣ್ಣಕ್ಕೆ ಒಣ ಸಾಫ್ಟ್ ಪೇಸ್ಟಲ್ ಬೇಕು. ಮಕ್ಕಳ ಆಯಿಲ್ ಪೇಸ್ಟಲ್ ಅಲ್ಲ, ಅದರ ಎಣ್ಣೆ ಒಣಗುವುದೇ ಇಲ್ಲ. ಬ್ಲೇಡಿನಲ್ಲಿ ಕೆರೆದು ಪುಡಿ ಮಾಡಿ ಮೆತ್ತನೆಯ ಬ್ರಷ್‌ನಿಂದ ಕೆನ್ನೆಗೆ, ರೆಪ್ಪೆಗೆ. ಹುಬ್ಬಿಗೆ ವಾಟರ್‌ಕಲರ್ ಪೆನ್ಸಿಲ್ ಅಥವಾ ನೀರು ಬೆರೆಸಿದ ಅಕ್ರಿಲಿಕ್, ಬ್ರಷ್ ಮೂರು ಸೊನ್ನೆಯದು (000 ನಂಬರ್, ಬಹಳ ಸಣ್ಣ ತುದಿಯದು). ಹುಬ್ಬು ಎರಡೂ ಒಂದೇ ತರ ಬರುವುದೇ ಕಷ್ಟ, ಅಲ್ವಾ? ನಮ್ಮಲ್ಲಿ ಗಣಪತಿ ಮೂರ್ತಿಗೆ ಕಣ್ಣು ಬರೆಯುವವರನ್ನು ಕೂತು ನೋಡಿ. ನಾನು ನೋಡಿದವರು ಒಂದು ಕಣ್ಣು ಮುಗಿಸಿ ಇನ್ನೊಂದಕ್ಕೆ ಹೋಗುವುದಿಲ್ಲ, ಎಡಕ್ಕೆ ಒಂದು ಗೆರೆ, ಬಲಕ್ಕೆ ಅದೇ ಗೆರೆ, ಹಾಗೆ ಜೊತೆಜೊತೆಗೆ ಸಾಗುತ್ತಾರೆ. ನಾನೂ ಹಾಗೆಯೇ ಮಾಡುತ್ತೇನೆ, ಯಾವ ದುಬಾರಿ ಬ್ರಷ್‌ಗಿಂತಲೂ ಇದರಿಂದ ನನಗೆ ಉಪಯೋಗ ಆಗಿದೆ.

ಕಣ್ಣಿನ ಗುಡ್ಡೆ ಕೂರಿಸಲು ಸಿಲಿಕೋನ್ ಪುಟ್ಟಿ, ವಿಗ್ ಜಾರದಂತೆ ಸಿಲಿಕೋನ್ ಟೋಪಿ. ಇವೆರಡೂ ಅಗ್ಗ, ಎಲಾಸ್ಟಿಕ್ ಜೊತೆಗೇ ತರಿಸಿಬಿಡಿ.

ಬಟ್ಟೆಯ ವಿಷಯದಲ್ಲಿ ನಮ್ಮಷ್ಟು ಅದೃಷ್ಟ ಯಾರಿಗೂ ಇಲ್ಲ. 1/4 ಗೊಂಬೆಗೆ ದೊಡ್ಡ ಹೂವಿನ ಬಟ್ಟೆ ಹಾಕಿದರೆ ಪರದೆ ಸುತ್ತಿದಂತೆ ಕಾಣುತ್ತದೆ, ಗುಳೇದಗುಡ್ಡದ ಖಣದಲ್ಲಿ ನೇಯ್ದ ಸಣ್ಣ ಬುಟ್ಟಾ ಚಿತ್ತಾರಗಳು ಮಾತ್ರ ಆ ಅಳತೆಗೇ ನೇಯ್ದಂತೆ ಕೂರುತ್ತವೆ. ಒಂದು ಕುಪ್ಪಸದ ಖಣದಲ್ಲಿ ಗೊಂಬೆಗೆ ಲಂಗ, ಕುಪ್ಪಸ ಎರಡೂ ಆಗಿ ಚೂರು ಉಳಿಯುತ್ತದೆ. ಆದರೆ ಗಾಢ ಕೆಂಪು, ಕಪ್ಪು, ನೀಲಿ ಬಣ್ಣಗಳು ರೆಸಿನ್‌ಗೆ ಇಳಿಯುತ್ತವೆ, ಇಳಕಲ್ ಸೀರೆಯ ಕೆಂಪು ಸೆರಗಿನ ಚೂರು ಬಳಸಿದರೂ ಅಷ್ಟೇ. ಹೊಲಿಯುವ ಮೊದಲು ಒದ್ದೆ ಬಿಳಿ ಬಟ್ಟೆಯಲ್ಲಿ ಉಜ್ಜಿ ನೋಡಿ. ಬಣ್ಣ ಬಿಟ್ಟರೆ ಬಿಡುವುದು ನಿಲ್ಲುವವರೆಗೆ ತೊಳೆಯಿರಿ, ಒಳಗೆ ಬಿಳಿ ಮಲ್‌ಮಲ್ ಅಸ್ತರ ಕೊಡಿ, ಆಮೇಲೂ ರಾತ್ರಿಯೆಲ್ಲ ಹಾಕಿಡದೆ ಫೋಟೋ ತೆಗೆದ ಮೇಲೆ ಬಿಚ್ಚಿ ಬೇರೆ ಇಡಿ.