ಜಾಲಿ ಮುಳ್ಳು, ಕಾದ ಬಂಡೆ, ನಾಟದ ಗೂಟ

ಬಯಲಿನ ಓಡಾಟದ ಬಗ್ಗೆ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಓದುಗರು ಕೇಳಿದ ಐದು ಪ್ರಶ್ನೆಗಳಿಗೆ ಈ ಸಲ ಉತ್ತರ. ಅಂಗಡಿಯಲ್ಲಿ ಸಿಗುವ ಟೆಂಟು, ಬೂಟು, ಅವುಗಳ ಜೊತೆ ಬರುವ ಸೂಚನೆಯ ಚೀಟಿ ಹೆಚ್ಚಾಗಿ ಮೆತ್ತನೆಯ ಮಣ್ಣು, ತಂಪು ಹವೆ ಇರುವ ಜಾಗಕ್ಕೆ ಹೊಂದುವಂಥವು. ನಮ್ಮ ಎರಿ ಭೂಮಿ, ಕೆಂಗಲ್ಲು, ಬೋಳು ಬಂಡೆಗಳ ಲೆಕ್ಕವೇ ಬೇರೆ.

ಪ್ರತಿ ರವಿವಾರ ಹೊಲದ ದಾರಿ ಹಿಡಿದು ಸೈಕಲ್ ಮ್ಯಾಲೆ ಇಪ್ಪತ್ತೈದು ಮೂವತ್ತು ಕಿಲೋಮೀಟರ್ ಹೋಗಿ ಬರ್ತೀನ್ರಿ. ಜಾಲಿ ಮುಳ್ಳಿನ ಕಾಟ ಭಾಳ. ಪಂಚರ್ ನಾನೇ ಹಾಕೋತೀನಿ, ಆದ್ರ ಪ್ಯಾಚ್ ಎರಡು ದಿನಕ್ಕ ಎದ್ದು ಬರ್ತದ. ಏನು ತಪ್ಪಾಗ್ಲಾಕತ್ತದ?
— ಬ್ಯಾಂಕ್ ನೌಕರ, ಕಲಬುರಗಿ

ಎರಡು ತಪ್ಪು ಇರಬಹುದು. ಒಂದು ಪ್ಯಾಚ್ ಹಚ್ಚುವ ಕ್ರಮದಲ್ಲಿ, ಇನ್ನೊಂದು ಟಾಯರಿನೊಳಗೆ.

ಮೊದಲು ಟಾಯರ್ ನೋಡೋಣ. ಬಳ್ಳಾರಿ ಜಾಲಿಯ ಒಣ ಮುಳ್ಳನ್ನು ಹೊರಗಿನಿಂದ ಕಿತ್ತರೆ ಬುಡ ಕೈಗೆ ಬರುತ್ತದೆ, ತುದಿ ಮುರಿದು ರಬ್ಬರಿನಲ್ಲೇ ನಿಲ್ಲುತ್ತದೆ. ಉಳಿದ ತುದಿ ಎರಡು ಮಿಲಿಮೀಟರ್ ಇದ್ದರೂ ಸಾಕು, ನೀವು ಸೈಕಲ್ ಏರಿದ ಕೂಡಲೇ ಭಾರಕ್ಕೆ ಒಳಗೆ ಬಂದು ಟ್ಯೂಬಿಗೆ ಮತ್ತೆ ಚುಚ್ಚುತ್ತದೆ. ಆಗ ಪ್ಯಾಚ್ ಎದ್ದಿತು ಅನಿಸುತ್ತದೆ, ನಿಜವಾಗಿ ಪಕ್ಕದಲ್ಲೇ ಹೊಸ ತೂತು ಆಗಿರುತ್ತದೆ. ಇದನ್ನು ಪತ್ತೆ ಮಾಡಲು ಟಾಯರ್ ಕೂರಿಸುವಾಗಲೇ ಅದರ ಮೇಲಿನ ಕಂಪನಿ ಹೆಸರು ವಾಲ್‌ನ ಎದುರಿಗೇ ಬರುವಂತೆ ಇಡಿ. ಪಂಚರ್ ಆದಾಗ ಟ್ಯೂಬಿನ ತೂತು ವಾಲ್‌ನಿಂದ ಎಷ್ಟು ಗೇಣು ದೂರ ಇದೆ ಎಂದು ಅಳೆದರೆ, ಟಾಯರಿನಲ್ಲಿ ಅಷ್ಟೇ ದೂರದಲ್ಲಿ ಎಡಕ್ಕೋ ಬಲಕ್ಕೋ ಮುಳ್ಳು ಸಿಗುತ್ತದೆ. ಒಳಮೈ ಸವರಲು ಬರಿ ಬೆರಳು ಬೇಡ, ಹಳೆಯ ಬನಿಯನ್ನಿನ ತುಂಡು ತಗೊಳ್ಳಿ. ಬಟ್ಟೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮುಳ್ಳಿದೆ. ಟಾಯರನ್ನು ಆ ಜಾಗದಲ್ಲಿ ಮಡಚಿ ಹಿಡಿದರೆ ತುದಿ ಮೇಲೇಳುತ್ತದೆ, ಸಣ್ಣ ಪಕ್ಕಡದಿಂದ ಒಳಗಡೆಯಿಂದಲೇ ಎಳೆಯಿರಿ. ಒಂದು ಸಿಕ್ಕಿತು ಅಂತ ನಿಲ್ಲಿಸಬೇಡಿ, ಪೂರ್ತಿ ಸುತ್ತು ಬನ್ನಿ. ಬೇಲಿಗೆಂದು ಜಾಲಿ ಕಂಟಿ ಎಳೆದುಕೊಂಡು ಹೋದ ದಾರಿಯಲ್ಲಿ ಒಂದೇ ಮುಳ್ಳು ಚುಚ್ಚುವುದು ಕಡಿಮೆ.

ಇನ್ನು ಪ್ಯಾಚ್. ಟ್ಯೂಬಿನ ತೂತಿನ ಸುತ್ತ ಪ್ಯಾಚಿಗಿಂತ ಅರ್ಧ ಇಂಚು ಅಗಲವಾಗಿ ಪಾಲಿಶ್ ಕಾಗದದಿಂದ ಉಜ್ಜಿ. ಹೊಳಪು ಹೋಗಿ ಮಾಸಲು ಕಪ್ಪಾಗಬೇಕು. ಟ್ಯೂಬಿನ ಉದ್ದಕ್ಕೂ ಅಚ್ಚಿನ ಗೆರೆಯೊಂದು ಉಬ್ಬಿರುತ್ತದೆ, ಪ್ಯಾಚ್ ಅದರ ಮೇಲೆ ಬರುವುದಾದರೆ ಆ ಗೆರೆ ಸಪಾಟಾಗುವವರೆಗೆ ಉಜ್ಜಲೇಬೇಕು. ಇಲ್ಲವಾದರೆ ಗೆರೆಯ ಪಕ್ಕದ ಸಂದಿಯಿಂದ ಹವಾ ಹೊರಬೀಳುತ್ತದೆ. ಉಜ್ಜಿದ ಪುಡಿ ಒರೆಸಿ, ಆಮೇಲೆ ಆ ಜಾಗಕ್ಕೆ ಬೆರಳು ತಾಗಿಸಬೇಡಿ. ಬೆವರು, ಎಣ್ಣೆಯ ಪಸೆ ಇದ್ದರೆ ಸೊಲ್ಯೂಷನ್ (ಪ್ಯಾಚಿನ ಅಂಟು) ಹಿಡಿಯುವುದಿಲ್ಲ.

ಸೊಲ್ಯೂಷನ್ ತೆಳ್ಳಗೆ ಸವರಿ ಕಾಯಬೇಕು. ಬಹಳ ಜನ ಎಡವುವುದು ಇಲ್ಲೇ. ಹಸಿಯಿದ್ದಾಗಲೇ ಪ್ಯಾಚ್ ಒತ್ತಿದರೆ ದ್ರಾವಣದ ಆವಿ ಅಡಿಯಲ್ಲಿ ಸಿಕ್ಕಿ ಗುಳ್ಳೆಯಾಗುತ್ತದೆ, ಬಿಸಿಲಿಗೆ ನಿಲ್ಲಿಸಿದ ಸೈಕಲ್ಲಿನಲ್ಲಿ ಅದೇ ಗುಳ್ಳೆ ಪ್ಯಾಚನ್ನು ಎಬ್ಬಿಸುತ್ತದೆ. ಚಳಿಗಾಲದಲ್ಲಿ ಐದು ನಿಮಿಷ, ಬೇಸಿಗೆಯಲ್ಲಿ ಎರಡು ಮೂರು ನಿಮಿಷ ಬಿಡಿ. ಮಿಂಚು ಹೋಗಿ ಮಾಸಿದ ಮೇಲೆ, ಅಂಚಿನಲ್ಲಿ ಮುಟ್ಟಿದರೆ ಬೆರಳಿಗೆ ಅಂಟದಂತಾದಾಗ ಪ್ಯಾಚ್ ಇಟ್ಟು ನಡುವಿನಿಂದ ಅಂಚಿಗೆ ಒತ್ತಿ. ಒಂದು ನಿಮಿಷ ಬಲವಾಗಿ ಹಿಚುಕಿ ಹಿಡಿಯಿರಿ. ಸುತ್ತ ಉಳಿದ ಅಂಟಿನ ಮೇಲೆ ಮುಖದ ಪೌಡರ್ ಉದುರಿಸಿ, ಇಲ್ಲವಾದರೆ ಟ್ಯೂಬು ಟಾಯರಿಗೆ ಹತ್ತಿಕೊಳ್ಳುತ್ತದೆ. ಸೊಲ್ಯೂಷನ್ನಿನ ಟ್ಯೂಬ್ ಒಮ್ಮೆ ತೆರೆದ ಮೇಲೆ ನಮ್ಮ ಬಿಸಿಲಿಗೆ ಬೇಗ ಗಟ್ಟಿಯಾಗುತ್ತದೆ. ನೂಲಿನಂತೆ ಎಳೆ ಬಂದರೆ ಎಸೆಯಿರಿ.

ಬಿಸಿಲಿಗೆ ಚಕ್ರದೊಳಗಿನ ಹವಾದ ಒತ್ತಡವೂ (ಅದರ ಅಳತೆ ಪಿಎಸ್‌ಐ) ಏರುತ್ತದೆ. ಬೆಳಿಗ್ಗೆ 25 ಡಿಗ್ರಿಯಲ್ಲಿ 50 ಪಿಎಸ್‌ಐ ತುಂಬಿದ ಚಕ್ರ ಬಿಸಿಲಿಗೆ ನಿಂತು 60 ಡಿಗ್ರಿಗೆ ಕಾದರೆ ಒತ್ತಡ ಸುಮಾರು 57 ಪಿಎಸ್‌ಐ ಆಗುತ್ತದೆ. ಒಳ್ಳೆಯ ಟಾಯರಿಗೆ ಇದು ಏನೂ ಅಲ್ಲ, ಹೊಸ ಪ್ಯಾಚಿಗೆ ಮಾತ್ರ ಕಷ್ಟ. ಚಹಾ ಕುಡಿಯಲು ನಿಂತಾಗ ಸೈಕಲ್ ನೆರಳಿಗಿಡಿ.

ಮುಳ್ಳು ತಡೆಯಲು ಖರ್ಚಿಲ್ಲದ ಉಪಾಯ ಹಳೆಯ ಟ್ಯೂಬು. ವಾಲ್ ಕತ್ತರಿಸಿ, ಒಳಬದಿಯ ಉದ್ದಕ್ಕೆ ಸೀಳಿ, ಟಾಯರಿಗೂ ಹೊಸ ಟ್ಯೂಬಿಗೂ ನಡುವೆ ಹಾಸಿ. ಸೈಕಲ್ ಸ್ವಲ್ಪ ಭಾರವಾಗುತ್ತದೆ, ಸಣ್ಣ ಮುಳ್ಳು ಮಾತ್ರ ಟ್ಯೂಬಿನ ತನಕ ಬರುವುದಿಲ್ಲ. ಮಳೆಗಾಲದಲ್ಲಿ ಎರಿ ಹೊಲದ ದಾರಿಗೆ ಇಳಿಯಲೇಬೇಡಿ. ನೂರು ಹೆಜ್ಜೆಯಲ್ಲಿ ಮಣ್ಣು ಬ್ರೇಕಿನ ಸಂದಿಗೆ ತುಂಬಿ ಚಕ್ರ ಸುತ್ತುವುದೇ ನಿಲ್ಲುತ್ತದೆ, ಒತ್ತಿ ತುಳಿದರೆ ಚೈನ್ ಹೋಗುತ್ತದೆ.

ಗೆಳೆಯರು ಎಂಟು ಜನ ಏಪ್ರಿಲ್‌ನಲ್ಲಿ ನಮ್ಮೂರ ಗುಡ್ಡ ಹತ್ತಬೇಕಂತೀವಿ. ಎಷ್ಟು ನೀರು, ಎಂಥಾ ಬೂಟು ಬೇಕು?
— ಪದವಿ ವಿದ್ಯಾರ್ಥಿನಿ, ಶಹಾಪುರ

ಮಲಗಿದ ಬುದ್ಧನ ಹಾಗೆ ಕಾಣುವ ನಿಮ್ಮೂರ ಗುಡ್ಡದ ಸಾಲು ಗ್ರಾನೈಟಿನದು. ಈ ಕಲ್ಲು ಹಗಲಿನ ಬಿಸಿಯನ್ನು ಹೀರಿ ಸಂಜೆಯೆಲ್ಲ ಉಗುಳುತ್ತದೆ. ಹಾಗಾಗಿ ಏಪ್ರಿಲ್‌ನಲ್ಲಿ ಸಂಜೆ ಹತ್ತುವುದು ತಂಪು ಅನ್ನುವ ಎಣಿಕೆ ತಪ್ಪು, ಐದು ಗಂಟೆಗೂ ಬಂಡೆ ಕಾದ ಹಂಚಿನಂತೆ ಇರುತ್ತದೆ. ಬೆಳಿಗ್ಗೆ ಐದೂವರೆಗೆ ಬುಡದಲ್ಲಿರಿ, ಒಂಬತ್ತರೊಳಗೆ ಕೆಳಗೆ ಇಳಿದಿರಿ.

ನೀರು ತಲೆಗೆ ಮೂರು ಲೀಟರ್. ಒಬ್ಬರೇ ಎಲ್ಲರದನ್ನೂ ಹೊರುವುದು ಬೇಡ, ಅವರು ಹಿಂದೆ ಬಿದ್ದರೆ ಉಳಿದವರಿಗೆ ನೀರಿಲ್ಲ. ಬಾಯಾರಿದಾಗ ಒಮ್ಮೆಲೇ ಅರ್ಧ ಬಾಟಲಿ ಏರಿಸುವ ಬದಲು ಕಾಲು ಗಂಟೆಗೊಮ್ಮೆ ನಾಲ್ಕೈದು ಗುಟುಕು ಕುಡಿಯಿರಿ. ಬೆವರಿನಲ್ಲಿ ಉಪ್ಪೂ ಹೋಗುತ್ತದೆ. ಬರೀ ನೀರನ್ನೇ ಗಂಟೆಗೆ ಒಂದೂವರೆ ಲೀಟರ್ ದಾಟಿ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಂತಿ ಶುರುವಾಗಬಹುದು. ಮೂರರಲ್ಲಿ ಒಂದು ಲೀಟರಿಗೆ ಓಆರ್‌ಎಸ್ ಕಲಸಿಕೊಳ್ಳಿ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಮಚ ಗುಪ್ಪೆಯಾಗಿರಬಾರದು, ಬೆರಳಿನಿಂದ ಸಮ ಮಾಡಿ. ತಿನ್ನಲು ಖಡಕ್ ರೊಟ್ಟಿ, ಶೇಂಗಾ ಹಿಂಡಿ ಸಾಕು. ಕೆಡುವುದಿಲ್ಲ, ಉಪ್ಪೂ ಸಿಗುತ್ತದೆ.

ಬೂಟಿನಲ್ಲಿ ನೋಡಬೇಕಾದ್ದು ಅಡಿಯ ರಬ್ಬರ್. ಉಗುರಿನಿಂದ ಒತ್ತಿದರೆ ಸ್ವಲ್ಪ ತಗ್ಗಬೇಕು. ಪ್ಲಾಸ್ಟಿಕ್ಕಿನ ಹಾಗೆ ಗಟ್ಟಿಯಾದ ಅಡಿ, ಎಷ್ಟೇ ಆಳದ ಹಲ್ಲಿದ್ದರೂ, ಬೋಳು ಬಂಡೆಯ ಮೇಲೆ ಜಾರುತ್ತದೆ. ಬಂಡೆಯ ಇಳಿಜಾರಿನಲ್ಲಿ ಬೆರಳ ತುದಿಯ ಮೇಲೆ ನಡೆಯದೆ ಇಡೀ ಪಾದ ಊರಿ, ದೇಹವನ್ನು ನೆಟ್ಟಗೆ ಪಾದದ ಮೇಲೆ ನಿಲ್ಲಿಸಿ. ಭಯಕ್ಕೆ ಬಂಡೆಯತ್ತ ಬಾಗಿದರೆ ಭಾರ ಪಾದದಿಂದ ತಪ್ಪಿ ಕಾಲು ಕಳಚುತ್ತದೆ. ಹಿಡಿಯುವ ಮುಂಚೆ ಕಲ್ಲನ್ನು ಬೆರಳ ಗೆಣ್ಣಿನಿಂದ ಕುಟ್ಟಿ ನೋಡಿ. ಗ್ರಾನೈಟು ಉಳ್ಳಾಗಡ್ಡಿಯಂತೆ ಪದರು ಪದರಾಗಿ ಬಿಡುವ ಕಲ್ಲು. ಟಣ್ ಎಂದರೆ ಗಟ್ಟಿ, ಡಬ್ ಎಂದು ಪೊಳ್ಳು ಸದ್ದು ಬಂದರೆ ಪದರು ಬಿಟ್ಟಿದೆ, ಅದಕ್ಕೆ ಜೋತು ಬೀಳಬೇಡಿ.

ಎತ್ತರದ ಬಂಡೆಯ ಹೊಟ್ಟೆಯಡಿ ಹೆಜ್ಜೇನು ಇದೆಯೇ ಎಂದು ಕೆಳಗಿನಿಂದಲೇ ನೋಡಿ. ಇದ್ದರೆ ಹೊಗೆ, ಸೆಂಟು, ಕಿರುಚಾಟ ಯಾವುದೂ ಬೇಡ. ಎದ್ದರೆ ಮುಖಕ್ಕೆ ಬಟ್ಟೆ ಮುಚ್ಚಿಕೊಂಡು ಬಂದ ದಾರಿಯಲ್ಲೇ ದೂರ ಸರಿಯಿರಿ. ಬಂಡೆಯ ಅಂಚಿನ ಕಡೆ ಓಡಬೇಡಿ.

ಯಾರಾದರೂ ತಡವರಿಸಿ ಮಾತಾಡತೊಡಗಿದರೆ, ಮೈ ಸುಡುತ್ತಿದ್ದರೆ ಅದು ಬಿಸಿಲಿನ ಆಘಾತ. ಬೆವರು ಬರುತ್ತಿದೆಯಲ್ಲ ಎಂದು ಸುಮ್ಮನಿರಬೇಡಿ. 108ಕ್ಕೆ ಕರೆ ಮಾಡಿ, ಗಾಡಿ ಬರುವ ತನಕ ಕಾಯದೆ ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಇದ್ದ ನೀರನ್ನೆಲ್ಲ ಮೈಮೇಲೆ ಸುರಿದು ದುಪಟ್ಟಾದಿಂದ ಜೋರಾಗಿ ಗಾಳಿ ಹಾಕಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು. ತಂಪು ಮಾಡುವುದು ಎಷ್ಟು ಬೇಗ ಶುರುವಾಯಿತು ಎನ್ನುವುದರ ಮೇಲೆ ಜೀವ ನಿಂತಿರುತ್ತದೆ.

ಟೆಂಟ್ ಕೊಂಡೆವು. ಬೀದರ್ ಹತ್ತಿರದ ನೆಲದಲ್ಲಿ ಅದರ ಗೂಟ ಇಳಿಯೋದೇ ಇಲ್ಲ, ಎರಡು ಬಾಗಿ ಹೋದವು. ದೊಡ್ಡ ಗೂಟ ತರಬೇಕಾ?
— ಶಿಕ್ಷಕ, ಬೀದರ್

ಬೇಡ. ಅಡಿಯಲ್ಲಿರುವುದು ಜಂಬಿಟ್ಟಿಗೆ. ಹೊಸದಾಗಿ ಕಡಿದಾಗ ಮೆತ್ತಗಿದ್ದು ಗಾಳಿ ಬಿಸಿಲಿಗೆ ತೆರೆದುಕೊಂಡ ಮೇಲೆ ಗಟ್ಟಿಯಾಗುವ ಕಲ್ಲು. ನಿಮ್ಮ ಕೋಟೆಯ ಮೂರು ಸಾಲಿನ ಕಂದಕವನ್ನು ಇದನ್ನೇ ಕೊರೆದು ಮಾಡಿದ್ದಾರೆ. ಟೆಂಟಿನ ಜೊತೆ ಬರುವ ತೆಳು ಅಲ್ಯೂಮಿನಿಯಂ ಗೂಟ ಅದಕ್ಕೆ ತಡೆಯುವುದಿಲ್ಲ.

ಗೂಟದ ಬದಲು ಕಲ್ಲು ಬಳಸಿ. ಹಗ್ಗವನ್ನು ಕಲ್ಲಿಗೇ ಕಟ್ಟಿದರೆ ಚೂಪು ಅಂಚಿಗೆ ಉಜ್ಜಿ ಹರಿಯುತ್ತದೆ. ಅದಕ್ಕೆ ಒಂದು ಗೇಣಿನ ಗಟ್ಟಿ ಕೋಲಿನ ನಡುವಿಗೆ ಹಗ್ಗ ಬಿಗಿದು, ಕೋಲನ್ನು ಹಗ್ಗಕ್ಕೆ ಅಡ್ಡವಾಗಿ ನೆಲದ ಮೇಲಿಟ್ಟು, ಕೋಲಿನ ಎರಡೂ ತುದಿಯ ಮುಂದೆ, ಅಂದರೆ ಟೆಂಟಿನ ಕಡೆಗೆ, ಒಂದೊಂದು ದೊಡ್ಡ ಕಲ್ಲು ಹೇರಿ. ಎಳೆದಷ್ಟೂ ಕೋಲು ಕಲ್ಲಿಗೆ ಒತ್ತುತ್ತದೆ. ಮೂಲೆಗೆ ಹತ್ತು ಹನ್ನೆರಡು ಕಿಲೋ ಕಲ್ಲು ಬೇಕು, ಗಾಳಿ ಬೀಸುವ ಬದಿಗೆ ಅದರ ಎರಡರಷ್ಟು.

ಹಗ್ಗವನ್ನು ಬೇಕಾದಾಗ ಬಿಗಿ ಮಾಡಲು ಸರಿಯುವ ಗಂಟು ಹಾಕಿ. ಇದಕ್ಕೆ ಕೋಲಿನ ಹಗ್ಗದಲ್ಲಿ ಒಂದು ಕುಣಿಕೆ ಬಿಟ್ಟಿರಬೇಕು. ಟೆಂಟಿನಿಂದ ಬಂದ ಹಗ್ಗದ ತುದಿಯನ್ನು ಕುಣಿಕೆಯಲ್ಲಿ ಹಾಯಿಸಿ ಹಿಂದಕ್ಕೆ ತನ್ನಿ. ಬಿಗಿಯಾಗಿ ನಿಂತ ಹಗ್ಗದ ಸುತ್ತ, ಕೋಲಿನ ಕಡೆಗೆ ಸಾಗುತ್ತ ಎರಡು ಸುತ್ತು ಹಾಕಿ. ಆಮೇಲೆ ತುದಿಯನ್ನು ಆ ಎರಡು ಸುತ್ತಿನ ಮೇಲೆ ದಾಟಿಸಿ ಟೆಂಟಿನ ಬದಿಯಲ್ಲಿ ಇನ್ನೊಂದು ಸುತ್ತು ಹಾಕಿ, ಅದೇ ಸುತ್ತಿನೊಳಗಿಂದ ಎಳೆದು ಬಿಗಿಯಿರಿ. ಗಂಟನ್ನು ಕೈಯಿಂದ ಸರಿಸಿದರೆ ಸರಿಯುತ್ತದೆ, ಗಾಳಿ ಎಳೆದರೆ ಕಚ್ಚಿಕೊಳ್ಳುತ್ತದೆ. ನುಣುಪು ನೈಲಾನ್ ಹಗ್ಗವಾದರೆ ಒಳಗಿನ ಸುತ್ತು ಎರಡರ ಬದಲು ಮೂರು.

ಎರಿ ಭೂಮಿಯಲ್ಲಿ ಗೂಟ ಸುಲಭವಾಗಿ ಇಳಿಯುತ್ತದೆ, ಆದರೆ ಬೇಸಿಗೆಯ ಬಿರುಕಿನಲ್ಲಿ ನಿಲ್ಲುವುದಿಲ್ಲ, ಮಳೆಗೆ ಮಣ್ಣು ಉಬ್ಬಿ ಸಡಿಲಾಗುತ್ತದೆ. ಅಲ್ಲಿ ಟೆಂಟ್ ಹಾಕದಿರುವುದೇ ಒಳ್ಳೆಯದು. ಚಿಂಚೋಳಿ ವನ್ಯಜೀವಿ ಧಾಮದ ಕಡೆ ಹೋಗುವುದಾದರೆ ಅರಣ್ಯ ಇಲಾಖೆಯ ಅನುಮತಿ ಮೊದಲು, ಟೆಂಟು ಆಮೇಲೆ.

ಹಾವು ಕಡಿದರೆ ಅಂತ ಬ್ಲೇಡು, ದಾರ ಚೀಲದಾಗ ಇಟ್ಟುಕೊಂಡೀವಿ. ಸರಿ ಅದನೋ?
— ರೈತ, ಚಿಂಚೋಳಿ

ಎರಡನ್ನೂ ತೆಗೆದಿಡಿ. ಕೊಯ್ದರೆ ರಕ್ತ ನಿಲ್ಲುವುದಿಲ್ಲ, ಯಾಕೆಂದರೆ ಮಂಡಲದ ವಿಷ ರಕ್ತ ಹೆಪ್ಪುಗಟ್ಟುವುದನ್ನೇ ಕೆಡಿಸುತ್ತದೆ. ಬಿಗಿದು ಕಟ್ಟಿದರೆ ಕಾಲೇ ಕೊಳೆಯಬಹುದು. ಕಡಿಸಿಕೊಂಡವರನ್ನು ನಡೆಸಬೇಡಿ. ಉಂಗುರ, ಕಾಲುಂಗುರ, ಉಡದಾರ ತೆಗೆಯಿರಿ. ಮೂಳೆ ಮುರಿದಾಗ ಮಾಡುವಂತೆ ಕೋಲಿಟ್ಟು ಕಾಲು ಅಲುಗದ ಹಾಗೆ ಸಡಿಲವಾಗಿ ಕಟ್ಟಿ, ಕಡಿದ ಹೊತ್ತು ಬರೆದುಕೊಂಡು 108ಕ್ಕೆ ಕರೆ ಮಾಡಿ. ಹಾವನ್ನು ಹಿಡಿಯಲು ಹೊತ್ತು ಕಳೆಯಬೇಡಿ. ನಾಗರ, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಆಸ್ಪತ್ರೆಯಲ್ಲಿ ಕೊಡುವ ಔಷಧ ಒಂದೇ.

ಹೊಲದಲ್ಲಿ ರಾತ್ರಿ ಕಾವಲಿಗೆ ನೆಲದ ಮೇಲೆ ಮಲಗುವವರು ಕಟ್ಟು ಹಾವನ್ನು ಮರೆಯಬಾರದು. ಅದರ ಕಡಿತ ಸೊಳ್ಳೆ ಕಚ್ಚಿದಷ್ಟೂ ನೋಯದೆ ಇರಬಹುದು, ಬೆಳಿಗ್ಗೆ ರೆಪ್ಪೆ ಜೋಲುತ್ತವೆ, ನುಂಗಲು ಆಗುವುದಿಲ್ಲ. ಸೊಳ್ಳೆ ಪರದೆಯ ಅಂಚನ್ನು ಹಾಸಿಗೆಯಡಿ ಸುತ್ತಲೂ ಸಿಕ್ಕಿಸಿ ಮಲಗಿದರೆ ಈ ಅಪಾಯ ಬಹುಪಾಲು ತಪ್ಪುತ್ತದೆ.

ಬೋನಾಳ ಕೆರೆಯ ಹಕ್ಕಿ ನೋಡಲು ದುರ್ಬೀನು ಕೊಳ್ಳಬೇಕು. 10×50 ತಗೊಳ್ಳಲೋ, 8×42 ತಗೊಳ್ಳಲೋ?
— ಗೃಹಿಣಿ, ಸುರಪುರ

8×42. ಮೊದಲ ಅಂಕಿ ಎಷ್ಟು ಪಟ್ಟು ಹತ್ತಿರ ಕಾಣುತ್ತದೆ ಎನ್ನುವುದು, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. 42ನ್ನು 8ರಿಂದ ಭಾಗಿಸಿದರೆ 5.25, ಕಣ್ಣಿಗೆ ಬೀಳುವ ಬೆಳಕಿನ ಬಿಲ್ಲೆಯ ಅಗಲ ಅದು. 10×50ಯಲ್ಲಿ ಅದು 5. ಅಂದರೆ ಬೆಳಕು ಹೆಚ್ಚುಕಡಿಮೆ ಅಷ್ಟೇ, ಭಾರ ಮಾತ್ರ ಜಾಸ್ತಿ, ಕೈ ನಡುಕವೂ ಹತ್ತು ಪಟ್ಟು ದೊಡ್ಡದಾಗಿ ಕಾಣುತ್ತದೆ. ಇನ್ನೊಂದು ಕಾರಣ ನಮ್ಮ ಬಿಸಿಲು. ಬೆಳಿಗ್ಗೆ ಒಂಬತ್ತರ ಮೇಲೆ ಕೆರೆಯ ಆಚೆ ದಡದ ಹಕ್ಕಿ ಬಿಸಿಗಾಳಿಯಲ್ಲಿ ನಡುಗಿದಂತೆ ಕಾಣುತ್ತದೆ, ಪಟ್ಟು ಹೆಚ್ಚಾದಷ್ಟೂ ನಡುಕ ಹೆಚ್ಚು. ಯಾವ ಬೆಲೆಯ ಗಾಜೂ ಅದನ್ನು ಸರಿಪಡಿಸಲಾರದು, ಬೇಗ ಹೋಗುವುದೊಂದೇ ದಾರಿ. ಚಳಿಗಾಲಕ್ಕೆ ಬರುವ ಪಟ್ಟೆತಲೆ ಹೆಬ್ಬಾತಿನ ತಲೆಯ ಎರಡು ಕಪ್ಪು ಪಟ್ಟೆ ಎಣಿಸಲು ಎಂಟು ಪಟ್ಟು ಸಾಕು.

ಚಷ್ಮಾ ಹಾಕುವವರಾದರೆ ಪೆಟ್ಟಿಗೆಯ ಮೇಲೆ ಕಣ್ಣಿನ ದೂರ (ಐ ರಿಲೀಫ್, ಅಂದರೆ ಇಡೀ ನೋಟ ಕಾಣಲು ಗಾಜಿನಿಂದ ಕಣ್ಣು ಎಷ್ಟು ದೂರ ಇರಬಹುದು ಎನ್ನುವುದು) 15 ಮಿಲಿಮೀಟರಿಗಿಂತ ಹೆಚ್ಚಿದೆಯೇ ನೋಡಿ. ಗಾಜಿಗೆ ಕೆಂಪು ಬಣ್ಣ ಹೊಳೆಯುವ ದುರ್ಬೀನು, ಪಟ್ಟು ಬದಲಿಸುವ ಜೂಮ್ ದುರ್ಬೀನು ಬೇಡ.

ತಂದ ಮೇಲೆ ಕಣ್ಣಿಗೆ ಹೊಂದಿಸಬೇಕು. ಎರಡು ವೃತ್ತ ಒಂದಾಗುವ ತನಕ ನಡುವಿನ ಕೀಲು ಮಡಚಿ. ಬಲಗಣ್ಣು ಮುಚ್ಚಿ, ನಡುವಿನ ಗಾಲಿ ತಿರುಗಿಸಿ ಎಡಗಣ್ಣಿಗೆ ಸ್ಪಷ್ಟ ಮಾಡಿ. ಈಗ ಎಡಗಣ್ಣು ಮುಚ್ಚಿ, ಗಾಲಿ ಮುಟ್ಟದೆ, ಬಲಗಡೆ ಕಣ್ಣಿನ ಹತ್ತಿರದ ಉಂಗುರ ತಿರುಗಿಸಿ ಅದೇ ವಸ್ತುವನ್ನು ಸ್ಪಷ್ಟ ಮಾಡಿ. ಉಂಗುರದ ಗುರುತು ನೆನಪಿಡಿ, ಮುಂದೆ ಗಾಲಿ ಮಾತ್ರ ತಿರುಗಿಸಿದರೆ ಸಾಕು.

ಕೊಳ್ಳುವಾಗ ಅಂಗಡಿಯ ಒಳಗೆ ನೋಡಿ ಒಪ್ಪಬೇಡಿ, ಬಾಗಿಲಿಗೆ ಬನ್ನಿ. ದೂರದ ಕರೆಂಟ್ ಕಂಬದ ತಂತಿಯನ್ನು ಎರಡೂ ಕಣ್ಣಿನಿಂದ ಒಂದು ನಿಮಿಷ ನೋಡಿ. ತಂತಿ ಎರಡೆರಡಾಗಿ ಕಂಡರೆ, ಅಥವಾ ದುರ್ಬೀನು ಇಳಿಸಿದಾಗ ಕಣ್ಣು ಎಳೆದಂತಾದರೆ ಒಳಗಿನ ಗಾಜು ಸಾಲು ತಪ್ಪಿದೆ. ಅದನ್ನು ಅಲ್ಲಿಯೇ ಬಿಟ್ಟು ಇನ್ನೊಂದು ಕೇಳಿ.